ರೇಂಜರ್ ಮಾವನವರ ಹುಲಿ

ನಮ್ಮ ಮಾವನವರು ಮೈಸೂರು ಸೀಮೆಯ ಕಾಡುಗಳಲ್ಲಿ ಮೂವತ್ತೊಂದು ವರ್ಷ ಅರಣ್ಯ ಇಲಾಖೆಯ ಸೇವೆ ಮಾಡಿ ರೇಂಜರಾಗಿ ನಿವೃತ್ತರಾದವರು. ಈ ಮೂವತ್ತೊಂದು ವರ್ಷಗಳಲ್ಲಿ ಅವರು ಒಂದೇ ಒಂದು ಹುಲಿಯನ್ನೂ ಕಾಣಲಿಲ್ಲ. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅವರ ಮಗಳನ್ನು ಮದುವೆಯಾಗುವ ಮುನ್ನ ಈ ಸಂಗತಿಯನ್ನು ನನಗೆ ತಿಳಿಸಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಆ ಮನೆತನದ ಮೇಲೆ ನನ್ನ ದೂರು ಬೇರೇನೂ ಇಲ್ಲ.

ಹುಲಿಯ ಸುತ್ತಮುತ್ತ ಇರತಕ್ಕದ್ದನ್ನೆಲ್ಲ ಅವರು ಕಂಡಿದ್ದರು. ಕೆಸರಿನಲ್ಲಿ ಹೆಜ್ಜೆ, ಮರದ ತೊಗಟೆಯ ಮೇಲೆ ಉಗುರಿನ ಗೀರು, ಅರ್ಧ ತಿಂದು ಬಿಟ್ಟ ಕಡವೆ, ಹುಲ್ಲಿನಲ್ಲಿ ಮಲಗಿ ಎದ್ದು ಹೋದ ಜಾಗ. “ಕೈ ಇಟ್ಟು ನೋಡಿದೆ, ಇನ್ನೂ ಬೆಚ್ಚಗಿತ್ತು” ಎನ್ನುವಾಗ ಅವರ ದನಿ ತಗ್ಗುತ್ತಿತ್ತು. ಹುಲಿ ಯಾವಾಗಲೂ ಐದು ನಿಮಿಷ ಮೊದಲು ಎದ್ದು ಹೋಗಿರುತ್ತಿತ್ತು. ಒಮ್ಮೆ ಕಾಕನಕೋಟೆಯ ಕಾಡುದಾರಿಯಲ್ಲಿ ಬೂಟಿನ ಲಾಡಿ ಕಟ್ಟಲು ಬಗ್ಗಿದ್ದಾರೆ. ತಲೆ ಎತ್ತುವಷ್ಟರಲ್ಲಿ ಜೊತೆಗಿದ್ದ ಗಾರ್ಡು ಮರದ ಮೇಲಿದ್ದಾನೆ. “ಏನಯ್ಯ ಅದು?” ಎಂದರೆ, “ಹೋಯ್ತು ಬುದ್ಧಿ” ಎಂದನಂತೆ. ಅವರ ಜೀಪಿನ ಡ್ರೈವರು ಮೂರು ಹುಲಿ ಕಂಡಿದ್ದ. ಕ್ಯಾಂಪಿನ ಅಡಿಗೆಯವನು ಒಂದು ಕಂಡಿದ್ದ. ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಏನೆಂದರೆ, ನಮ್ಮ ಅತ್ತೆಯವರೂ ಒಂದು ಕಂಡಿದ್ದರು.

“ಕ್ವಾರ್ಟರ್ಸಿನ ಬಾವಿಗೆ ನೀರಿಗೆ ಹೋಗಿದ್ದೆ. ಕಟ್ಟೆ ಪಕ್ಕ ನಿಂತಿತ್ತು. ಹೋಗು ಅಂದೆ, ಹೋಯ್ತು.” ಅತ್ತೆಯವರ ವರದಿ ಇಷ್ಟೇ. ಆ ಹೊತ್ತಿನಲ್ಲಿ ಮಾವನವರು ಒಳಗೆ ಮೇಜಿನ ಮುಂದೆ ಕೂತು ತಮ್ಮ ವಲಯದಲ್ಲಿ ಆ ತಿಂಗಳು ನಡೆದ ಹುಲಿ ಸಂಚಾರದ ಬಗ್ಗೆ ಮೇಲಧಿಕಾರಿಗಳಿಗೆ ಕಾಗದ ಬರೆಯುತ್ತಿದ್ದರು. ಅಂದಿನಿಂದ ಆ ಮನೆಯಲ್ಲಿ ಯಾವ ಜಗಳವಾದರೂ, ಸಾರಿಗೆ ಉಪ್ಪು ಹೆಚ್ಚಾದ ಜಗಳವಾದರೂ ಸರಿ, “ಹುಲಿ ನೋಡಿದೋಳು ನಾನು, ಸುಮ್ನಿರಿ” ಎಂಬಲ್ಲಿಗೆ ಮುಗಿಯುತ್ತಿತ್ತು.

ಸುಳ್ಳು ಹೇಳಿಬಿಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಅವರ ಜೊತೆಯವರು ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಆ ಜೊತೆಯವರು ಕಂಡ ಹುಲಿಗಳು ವರ್ಷ ವರ್ಷಕ್ಕೂ ಮರಿ ಹಾಕುತ್ತಿದ್ದವು. ನಮ್ಮ ಮಾವನವರು ಮಾತ್ರ, ಯಾರು ಕೇಳಿದರೂ, ಕನ್ನಡಕ ಸರಿಮಾಡಿಕೊಂಡು “ಇಲ್ಲ, ಕಂಡಿಲ್ಲ” ಎನ್ನುತ್ತಿದ್ದರು. ಕೇಳಿದವರು ಅವರು ಕಾಡಿನಲ್ಲಿ ಇದ್ದದ್ದನ್ನೇ ಅನುಮಾನಿಸುತ್ತಿದ್ದರು. ಮದುವೆ ಮನೆಯೊಂದರಲ್ಲಿ ಯಾರೋ, “ಓಹೋ, ಹಾಗಾದ್ರೆ ತಾವು ಆಫೀಸ್ ಸೈಡು” ಎಂದುಬಿಟ್ಟಿದ್ದರು. ಮಾವನವರು ಆ ದಿನ ಹೋಳಿಗೆ ಮುಟ್ಟಲಿಲ್ಲವೆಂದು ನನ್ನ ಹೆಂಡತಿ ಈಗಲೂ ನೆನೆಯುತ್ತಾಳೆ.

“ಮೈಸೂರಿನ ಮೃಗಾಲಯದಲ್ಲಿ ನೋಡಿದೀರಲ್ಲಪ್ಪ” ಎಂದು ಅವಳು ಸಮಾಧಾನ ಮಾಡಿದರೆ, “ಜೈಲಲ್ಲಿರೋನನ್ನ ನೋಡಿ ಬಂದು ಪರಿಚಯ ಅಂತಾರೇನಮ್ಮ?” ಎಂದು ಕೇಳುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಈ ದಂಪತಿಗಳು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದರು. ನಾವು ಆಗ ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿದ್ದೆವು. ನಾನು ದಿನಾ ಮಾರಿಸ್‌ಟೌನಿಗೆ ಹೋಗಿ ಬಂದು ಇಂಜಿನಿಯರಿಕೆ ಮಾಡುತ್ತಿದ್ದೆ. ಅತಿಥಿಗಳಿಗೆ ಅಮೆರಿಕವನ್ನು ತೋರಿಸುವುದು ಆ ಕಾಲದ ಅಳಿಯಂದಿರ ಕರ್ತವ್ಯಗಳಲ್ಲಿ ಒಂದು. ತೋರಿಸಿದೆ. ನ್ಯೂಯಾರ್ಕಿನ ಎತ್ತರದ ಕಟ್ಟಡದ ತುದಿಗೆ ಹತ್ತಿಸಿದಾಗ ಮಾವನವರು ಕೆಳಗೆ ನೋಡಿ, “ಒಂದು ಮರ ಇಲ್ಲ” ಎಂದರು. ನಯಾಗರಾಕ್ಕೆ ಕರೆದೊಯ್ದಾಗ “ನೀರು ಚೆನ್ನಾಗಿದೆ” ಎಂದರು. ಮೂರು ತಿಂಗಳಲ್ಲಿ ಅಮೆರಿಕಕ್ಕೆ ಅವರಿಂದ ದೊರೆತ ಪ್ರಶಂಸೆ ಇದೊಂದೇ.

ಅವರು ಹೊರಡುವುದಕ್ಕೆ ಒಂದು ವಾರವಿದೆ ಎನ್ನುವಾಗ ನನ್ನ ಆಫೀಸಿನ ಅಮೆರಿಕನ್ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಒಂದು ಸುದ್ದಿ ಹೇಳಿದ. ನಮ್ಮ ನ್ಯೂಜೆರ್ಸಿಯ ದಕ್ಷಿಣಕ್ಕೆ, ಪೈನ್ ಮರಗಳ ನಡುವೆ, ಆಫ್ರಿಕದ ಪ್ರಾಣಿಗಳನ್ನು ತಂದು ಬಯಲಿಗೆ ಬಿಟ್ಟಿದ್ದಾರೆ. ನಾವು ನಮ್ಮ ಕಾರಿನಲ್ಲೇ ಅವುಗಳ ಮಧ್ಯೆ ಹೋಗಬಹುದು. ಆನೆ, ಜಿರಾಫೆ, ಸಿಂಹ, ಕೋತಿ, ಹುಲಿ ಎಲ್ಲ ಇವೆ ಎಂದ. ಆಫ್ರಿಕದಲ್ಲಿ ಹುಲಿ ಇಲ್ಲವೆಂಬುದು ನ್ಯೂಜೆರ್ಸಿಯವರಿಗೆ ಅಡ್ಡಿಯಾದಂತೆ ಕಾಣಲಿಲ್ಲ.

ಸಂಜೆ ಮಾವನವರ ಮುಂದೆ ವಿಷಯ ಮಂಡಿಸಿದೆ. ಅವರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ವಿಚಾರಣೆ ಶುರುವಾಯಿತು.

“ಮಧ್ಯೆ ಕಂಬಿ ಇರುತ್ತೋ?”

“ಇಲ್ಲ ಮಾವ. ನಾವು ಕಾರೊಳಗೆ, ಗಾಜು ಏರಿಸ್ಕೊಂಡು. ಅವು ಹೊರಗೆ ಓಡಾಡ್ಕೊಂಡಿರುತ್ವೆ.”

“ಅಂದ್ರೆ ಬೋನಿನೊಳಗೆ ನಾವು.”

“ಒಂಥರಾ ಹಾಗೇ.”

“ನ್ಯಾಯವಾಗಿದೆ. ಬೇಲಿ?”

“ಬೇಲಿ ಇರುತ್ತೆ. ದೂರದಲ್ಲಿ.”

“ಇರಲಿ ಬಿಡಿ. ನಮ್ಮ ಕಾಡಿಗೂ ಕೇರಳದ ಕಡೆ ಚೆಕ್‌ಪೋಸ್ಟ್ ಇತ್ತು. ಊಟ ಹಾಕ್ತಾರೋ ಅವಕ್ಕೆ?”

“ಹಾಕ್ತಾರೆ ಮಾವ.”

“ನನಗೂ ಮೂವತ್ತೊಂದು ವರ್ಷ ಸರ್ಕಾರವೇ ಹಾಕ್ತು” ಎಂದರು. “ಕಂಬಿ ಇಲ್ಲದೆ, ನನ್ನ ಸ್ವಂತ ಕಣ್ಣಿನಿಂದ, ಹುಲಿ ಅಂತ ಗುರುತಾಗೋ ಹಾಗೆ ಕಂಡ್ರೆ ಕಂಡ ಹಾಗೇ. ನಾನು ಒಪ್ಕೋತೀನಿ.”

ಅವರ ವಿಮಾನ ಬುಧವಾರಕ್ಕೆ. ನನಗೆ ರಜೆ ಇದ್ದದ್ದು ಶನಿವಾರ ಒಂದೇ. ಆ ಶನಿವಾರ ಬಿಟ್ಟರೆ ಮಾವನವರು ‘ಕಂಡಿಲ್ಲ’ ಎಂಬ ಉತ್ತರವನ್ನೇ ಕಟ್ಟಿಕೊಂಡು ಮೈಸೂರಿಗೆ ವಾಪಸ್ಸಾಗಬೇಕು. ಎಪ್ಪತ್ತಕ್ಕೆ ಹತ್ತಿರವಾದವರು; ಇನ್ನೊಂದು ಸಲ ಇಷ್ಟು ದೂರ ಬರುವ ಮಾತಿರಲಿಲ್ಲ.

ಅಡಿಗೆಮನೆಯಿಂದ ಅತ್ತೆಯವರು ಒಂದೇ ಪ್ರಶ್ನೆ ಕೇಳಿದರು. “ಶನಿವಾರವೋ? ಕೋತಿ ಇವೆ ಅಂದ್ರಲ್ಲ, ನಿಜವೋ?”

“ಬೇಕಾದಷ್ಟಿವೆ ಅತ್ತೆ” ಎಂದೆ. ಆ ಪ್ರಶ್ನೆಯ ಆಳ ನನಗೆ ಆಗ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕಾರು ಬೀದಿಯಲ್ಲಿ ಪೂಜೆಗೆ ನಿಂತಿತ್ತು. ಅದರ ಬಗ್ಗೆ ಒಂದು ಮಾತು ಹೇಳಬೇಕು. ಆ ವಸಂತದಲ್ಲಷ್ಟೇ ಕೊಂಡ ಹಳೆಯ ಕಾರು ಅದು. ಮೈ ಕೆಂಪು, ನೆತ್ತಿ ಕಪ್ಪು. ಕಬ್ಬಿಣದ ಚಾವಣಿಯ ಮೇಲೆ ಚರ್ಮದಂತೆ ಕಾಣುವ ವಿನೈಲ್ ಹೊದಿಸುವುದು ಆಗಿನ ಫ್ಯಾಷನ್. ಈ ಹೊದಿಕೆಯನ್ನು ನಾನು ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸುತ್ತಿದ್ದೆ. ನನ್ನ ನೆತ್ತಿಗೆ ಆ ಸೇವೆ ಮಾಡಿದ್ದರೆ ಇಂದು ನನ್ನ ರೂಪ ಬೇರೆ ಇರುತ್ತಿತ್ತು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಕಾಡುಪ್ರಾಣಿಗಳ ಮಧ್ಯೆ ಹೋಗುವ ಗಾಡಿ ಎಂದು ಅತ್ತೆಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮುಂದೆ ಹೂವಿನ ಹಾರ ಕಟ್ಟಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಕೆಳಮನೆಯ ಮುದುಕಿ ಕಿಟಕಿಯ ಪರದೆ ಸರಿಸಿ ಇಡೀ ವಿಧಿಯನ್ನು ನೋಡಿ, ನಾವು ಹೊರಟಾಗ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಯಾವ ಕಡೆಯ ರಕ್ಷೆಯೂ ಕಡಿಮೆಯಾಗಲಿಲ್ಲ ಎಂದು ಇದರಿಂದ ತಿಳಿಯತಕ್ಕದ್ದು.

ಮಾವನವರು ಖಾಕಿ ಕೋಟು ಹಾಕಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ಜುಲೈ ತಿಂಗಳ ಬಿಸಿಲು. ಕಾರಿನ ಏರ್ ಕಂಡೀಷನರು ಅದನ್ನು ಮಾರಿದವನ ಮಾತಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮಾವನವರ ಬೆನ್ನಿಗೆ ಅತ್ತೆ, ನಡುವೆ ಆರು ವರ್ಷದ ನನ್ನ ಮಗಳು, ನನ್ನ ಬೆನ್ನಿಗೆ ಹೆಂಡತಿ. ಅತ್ತೆಯವರ ಮಡಿಲಿನಲ್ಲಿ ಒಂದು ಚೀಲವಿತ್ತು. ಪುಳಿಯೋಗರೆ ಎಂದುಕೊಂಡೆ.

ಟರ್ನ್‌ಪೈಕ್ ಎಂಬ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳ ನಾತ ಬಂತು. ಮಗಳು ಮೂಗು ಹಿಡಿದುಕೊಂಡು, “ಈಸ್ ದಟ್ ದ ಟೈಗರ್, ತಾತ?” ಎಂದಳು.

“ಅಲ್ಲ ಪುಟ್ಟಿ. ಹುಲಿ ಇಷ್ಟು ಕೆಟ್ಟದಾಗಿ ನಾರೋಲ್ಲ” ಎಂದರು ತಾತ, ಅನುಭವದಿಂದ.

ಒಳಗೆ ಹೋಗುವ ಕಾರುಗಳು ಮದುವೆ ಊಟದ ಪಂಕ್ತಿಯಂತೆ ಒಂದರ ಹಿಂದೆ ಒಂದು ನಿಂತಿದ್ದವು. ಬಾಗಿಲಲ್ಲಿ ದೊಡ್ಡ ಬೋರ್ಡು: ಗಾಜು ಏರಿಸಿರಿ, ಪ್ರಾಣಿಗಳಿಗೆ ಏನೂ ತಿನ್ನಿಸಬೇಡಿ, ವಿನೈಲ್ ಚಾವಣಿಯ ಕಾರುಗಳು ಕೋತಿಗಳ ವಿಭಾಗವನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗತಕ್ಕದ್ದು. ನಾನು ಮೂರು ಸಲ ಓದಿದೆ. ನಿಯಮಗಳನ್ನು ಓದುವುದರಲ್ಲಿ ನನಗೆ ಯಾವಾಗಲೂ ಒಳ್ಳೆಯ ಹೆಸರಿದೆ.

ಮೊದಲು ಆಫ್ರಿಕದ ಬಯಲು. ಆನೆಗಳನ್ನು ನೋಡಿ ಮಾವನವರು “ಕಿವಿ ದೊಡ್ಡದು” ಎಂದು ಮುಂದಕ್ಕೆ ಕೈ ತೋರಿಸಿದರು. ಜಿರಾಫೆಗೆ ಅಷ್ಟೂ ಸಿಗಲಿಲ್ಲ. ಒಂದು ಉಷ್ಟ್ರಪಕ್ಷಿ ಬಂದು ಪೂಜೆಯ ಹಾರವನ್ನು ಕಿತ್ತುಕೊಂಡು, ಎರಡು ಹೂ ತಿಂದು, ಉಳಿದದ್ದನ್ನು ಕೊರಳಿಗೆ ಹಾಕಿಕೊಂಡು ಹೋಯಿತು. ಸಿಂಹಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿದ್ದವು.

“ಅಪ್ಪ, ಸಿಂಹ ಅಪ್ಪ! ನೋಡಿ!” ಎಂದಳು ನನ್ನ ಹೆಂಡತಿ.

“ಸಿಂಹ ಗುಜರಾತ್‌ನೋರ ವಿಷಯ” ಎಂದರು ಮಾವನವರು. “ನಡೀರಿ ಅಳಿಯಂದಿರೇ.”

ಅಲ್ಲಿಂದ ದಾರಿ ಕವಲಾಯಿತು. ಎಡಕ್ಕೆ ಹೋದರೆ ನೇರ ಹುಲಿ. ಬಲಕ್ಕೆ ಹೋದರೆ ಕೋತಿ, ಆಮೇಲೆ ಹುಲಿ. ನಾನು ಎಡಕ್ಕೆ ತಿರುಗಿಸಿದೆ.

“ಅಯ್ಯೋ, ಆ ಕಡೆ ಯಾಕೆ?” ಎಂದರು ಅತ್ತೆ. “ಕೋತಿ ಬಲಗಡೆ ಅಂತ ಚಿತ್ರ ಹಾಕಿದಾನಲ್ಲ.”

“ನಮ್ಮಂಥ ಕಾರು ಅಲ್ಲಿ ಹೋಗಬಾರದು ಅತ್ತೆ. ಮೇಲಿನ ಹೊದಿಕೆ ಕೀಳುತ್ವಂತೆ.”

“ಇವತ್ತು ಶನಿವಾರ.”

“ಹೌದು ಅತ್ತೆ.”

“ಮೂರು ತಿಂಗಳಾಯ್ತು ನಾನು ಶನಿವಾರ ಆಂಜನೇಯನ ಮುಖ ನೋಡಿ. ಈ ಊರಲ್ಲಿ ಒಂದು ಗುಡಿ ಇಲ್ಲ, ಗೋಪುರ ಇಲ್ಲ. ಅವನೇ ಬಂದು ದಾರಿ ಪಕ್ಕ ಕೂತಿದಾನೆ ಅಂದ್ರೆ, ಬಟ್ಟೆ ಹರಿಯುತ್ತೆ ಅಂತ ಬೇರೆ ದಾರೀಲಿ ಹೋಗ್ತೀರಾ?”

ಚೀಲದ ಬಾಯಿ ತೆರೆಯಿತು. ಪುಳಿಯೋಗರೆ ಅಲ್ಲ. ಎರಡು ಚಿಪ್ಪು ಬಾಳೆಹಣ್ಣು, ನೆನೆಸಿದ ಕಡಲೆ, ಬೆಲ್ಲ.

“ಲೇ, ಅದು ಆಫ್ರಿಕದ ಕೋತಿ ಕಣೆ. ನಾಯಿ ಮುಖದ್ದು. ನಮ್ಮದಲ್ಲ” ಎಂದರು ಮಾವನವರು.

“ಹುಲಿ ನೋಡಿದೋಳು ನಾನು, ಸುಮ್ನಿರಿ.”

ಮಾವನವರು ಮುಂದಕ್ಕೆ ತಿರುಗಿ ಕೂತರು. ನಾನು ಹೆಂಡತಿಯ ಕಡೆ ಕನ್ನಡಿಯಲ್ಲಿ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. ಬೋರ್ಡನ್ನು ಮೂರು ಸಲ ಓದಿದ ನಾನು ಕಾರನ್ನು ಹಿಂದಕ್ಕೆ ತೆಗೆದು ಬಲಕ್ಕೆ ತಿರುಗಿಸಿದೆ. ಅತ್ತೆಯ ಮಾತು ಮೀರಿದ ಅಳಿಯ ಎಂಬ ಹೆಸರಿಗಿಂತ ಹರಿದ ಚಾವಣಿ ಮೇಲು ಎಂದು ಆ ಕ್ಷಣಕ್ಕೆ ತೋರಿತು. ಮುಂದೆ ಚಾವಣಿಯನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

ಕೋತಿಗಳು ನಮ್ಮನ್ನು ಕಾದು ಕೂತಿದ್ದವು ಎಂದರೆ ಉತ್ಪ್ರೇಕ್ಷೆಯಲ್ಲ. ಒಂದು ದೊಡ್ಡ ಗಂಡು ಬಂದು ಅತ್ತೆಯವರ ಕಿಟಕಿಯ ಪಕ್ಕದಲ್ಲಿ ಕೂತು ಒಳಗೆ ನೋಡಿತು. ಅತ್ತೆಯವರು ಕೈಮುಗಿದರು. ಅದು ಹಲ್ಲು ಕಿರಿಯಿತು.

“ನೋಡಿದ್ರಾ, ಎಷ್ಟು ಸೌಮ್ಯ” ಎಂದು ಹೇಳುತ್ತ ಅತ್ತೆಯವರು ಹಿಡಿ ತಿರುಗಿಸಿ ನಾಲ್ಕು ಬೆರಳಷ್ಟು ಗಾಜು ಇಳಿಸಿ, ಒಂದು ಬಾಳೆಹಣ್ಣು ಹೊರಗೆ ಚಾಚಿದರು. ದೇವರು ಹಣ್ಣನ್ನು ಬಿಟ್ಟು ತೋಳಿನವರೆಗೆ ಕೈಯನ್ನು ಒಳಗೆ ಹಾಕಿ ಚಿಪ್ಪಿಗೇ ಗಂಟುಬಿದ್ದ.

“ಅಮ್ಮಾ, ಬಿಡಿ! ಕೊಟ್ಬಿಡಿ!” ಎಂದು ನನ್ನ ಹೆಂಡತಿ ಕೂಗಿದಳು.

“ಕೊಡ್ತಾ ಇದೀನಲ್ಲೇ, ಒಂದೊಂದಾಗಿ ತಗೋಬಾರದೇ?”

“ಅಜ್ಜಿ, ಹೀ ಈಸ್ ನಾಟ್ ಲಿಸನಿಂಗ್!” ಎಂದು ನನ್ನ ಮಗಳು ಚಪ್ಪಾಳೆ ತಟ್ಟಿದಳು.

ಆಗ ಮಾವನವರು ಅಧಿಕಾರ ವಹಿಸಿಕೊಂಡರು. ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಸೀಟಿನ ಬೆನ್ನ ಮೇಲೆ ಹೊಟ್ಟೆ ಇಟ್ಟು ಬಾಗಿ, ಅತ್ತೆಯವರ ಕಿಟಕಿಯ ಹಿಡಿಯನ್ನು ಹಿಡಿದು ತಿರುಗಿಸತೊಡಗಿದರು. ಅವರ ಮುಖ ಆ ಕೈಗೆ ಒಂದು ಗೇಣು ದೂರದಲ್ಲಿತ್ತು. ಗಾಜು ಮೇಲೇರಿತು, ಕೈ ಹೊರಕ್ಕೆ ಹೋಯಿತು. ಹೋಗುವಾಗ ಮಾವನವರ ಕನ್ನಡಕವನ್ನು ತೆಗೆದುಕೊಂಡು ಹೋಯಿತು.

ಅದು ನಮ್ಮ ಕಾರಿನ ಮೂತಿಯ ಮೇಲೆ ಬಂದು ಕೂತು ಆ ಸೋಡಾಬುಡ್ಡಿ ಕನ್ನಡಕದ ಮೂಲಕ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ನೋಡಿದ್ದು ರುಚಿಸಲಿಲ್ಲವೆಂದು ಕಾಣುತ್ತದೆ. ಒಂದು ಕಡ್ಡಿಯನ್ನು ಕಚ್ಚಿ ಮುರಿದು, ಉಳಿದದ್ದನ್ನು ಹಿಡಿದುಕೊಂಡು ಪೈನ್ ಮರ ಹತ್ತಿತು. ಅಷ್ಟರಲ್ಲಿ ಅದರ ಬಳಗದ ಏಳೆಂಟು ಮಂದಿ ಚಾವಣಿಯ ಮೇಲೆ ಸೇರಿದ್ದರು. ಮೊದಲು ಅಂಚಿನಲ್ಲಿ ಟರ್ ಎಂದಿತು. ಆಮೇಲೆ, ನುರಿತ ಅಡಿಗೆಯವರು ಕಾವಲಿಯಿಂದ ದೋಸೆ ಎಬ್ಬಿಸುವ ಹಾಗೆ, ಸುತ್ತಲೂ ಬಿಡಿಸಿಕೊಂಡು ಬಂದವು. ನಾನು ಹಾರ್ನ್ ಒತ್ತಿದೆ. ಅವು ಅದನ್ನು ಹಿನ್ನೆಲೆ ವಾದ್ಯವೆಂದು ಸ್ವೀಕರಿಸಿದವು.

ಹೇಗೋ ಕೋತಿಗಳಿಂದ ಪಾರಾಗಿ ಹೊರಬಂದೆವು. ನನ್ನ ಚಾವಣಿಯ ದುಃಖವನ್ನು ನಾನು ಹೇಳಿಕೊಳ್ಳುವಂತಿರಲಿಲ್ಲ. ಅದಕ್ಕಿಂತ ದೊಡ್ಡ ದುಃಖ ಪಕ್ಕದಲ್ಲಿ ಕೂತಿತ್ತು. ಮಾವನವರದು ಬಾಲ್ಯದಿಂದ ಬಂದ ಸಮೀಪದೃಷ್ಟಿ. ಕನ್ನಡಕ ತೆಗೆದರೆ ಮೂಗಿನಿಂದ ಒಂದು ಗೇಣಿನೊಳಗೆ ಇರುವುದು ಯಾರಿಗಿಂತಲೂ ಚೆನ್ನಾಗಿ ಕಾಣುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅವರು ಕನ್ನಡಕ ತೆಗೆದೇ ಕೂರುತ್ತಿದ್ದರು. ಆದರೆ ಮೊಳದಾಚೆಯ ಪ್ರಪಂಚವೆಲ್ಲ ಹೊಗೆ. ಬೇರೆ ಕನ್ನಡಕ ಹ್ಯಾರಿಸನ್‌ನಲ್ಲೂ ಇರಲಿಲ್ಲ. ಅದು ಮೈಸೂರಿನ ಬೀರುವಿನಲ್ಲಿತ್ತು. ಮುಂದಿನ ಗೇಟು ದಾಟಿದರೆ ಹುಲಿ.

“ಏನೂಂದ್ರೆ,” ಎಂದರು ಅತ್ತೆ, ಸಣ್ಣ ದನಿಯಲ್ಲಿ. “ನನ್ನ ಚಾಳೀಸು ಹಾಕ್ಕೊಳ್ಳಿ.”

ಮಾವನವರು ಅತ್ತೆಯವರ ಓದುವ ಕನ್ನಡಕ ಹಾಕಿಕೊಂಡು ಮುಂದೆ ನೋಡಿದರು. “ಈಗ ರಸ್ತೇನೂ ಹೋಯ್ತು” ಎಂದು ತೆಗೆದು ವಾಪಸ್ಸು ಕೊಟ್ಟರು.

ಹುಲಿಗಳ ವಿಭಾಗದಲ್ಲಿ ಕಾರುಗಳು ಬಾಲಕ್ಕೆ ಮೂಗು ತಾಗಿಸಿ ನಿಂತಿದ್ದವು. ನಾಲ್ಕು ಹುಲಿ. ಐವತ್ತು ಗಜದಾಚೆ, ಮರದ ನೆರಳಿನಲ್ಲಿ ಅಡ್ಡಾಗಿದ್ದವು. ಹಾಳುಬೀಳಲಿ, ನನಗೆ ಪಟ್ಟೆ ಪಟ್ಟೆಯಾಗಿ ಕಂಡವು. ಕಂಡದ್ದಕ್ಕೆ ನಾಚಿಕೆಯಾಯಿತು.

“ಅಪ್ಪ, ಅಲ್ಲಿ. ಆ ಮರದ ಕೆಳಗೆ” ಎಂದಳು ಹೆಂಡತಿ.

“ಯಾವ ಮರ?”

“ಎಡಗಡೆ, ದೊಡ್ಡ ಪೈನು.”

“ಹಸಿರಾಗಿ ಏನೋ ಇದೆ” ಎಂದರು ಮಾವನವರು, ಕಣ್ಣು ಕಿರಿದು ಮಾಡಿ. “ಅದರ ಕೆಳಗೆ ಕಿತ್ತಳೆ ಬಣ್ಣ ಇದ್ದ ಹಾಗಿದೆ. ಸೀರೆ ಒಣಗ ಹಾಕಿದಾರೋ ಏನೋ.”

“ಅದೇ ಅಪ್ಪ! ಅದೇ ಹುಲಿ! ನೋಡಿದ ಹಾಗೇ ಆಯ್ತಲ್ಲ. ನಾವೆಲ್ಲ ಸಾಕ್ಷಿ ಇದೀವಿ.”

ಮಾವನವರು ಮಗಳ ಕಡೆ ತಿರುಗಲಿಲ್ಲ. “ಬೇರೆಯವರು ಕಂಡದ್ದನ್ನ ನಾನು ಕಂಡೆ ಅಂತ ಬರೆಯೋದಕ್ಕೆ ನಾನೇನು ಮೇಲಧಿಕಾರಿಯೇನಮ್ಮ?” ಎಂದರು. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಖಾಕಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಸೆಖೆಗೆ ಇರಬಹುದು.

ನನ್ನ ಮಗಳೇ ಮೊದಲು ಅದನ್ನು ಗಮನಿಸಿದವಳು. “ವನ್ ಈಸ್ ಗೆಟಿಂಗ್ ಅಪ್” ಎಂದಳು.

ಒಂದು ಹುಲಿ ಎದ್ದು ನಿಂತು ಮೈ ಮುರಿಯಿತು. ನಮ್ಮ ಸಾಲಿನ ಕಾರುಗಳನ್ನು ಒಂದೊಂದಾಗಿ ನೋಡುತ್ತ ಬಂದು ನಮ್ಮ ಕಾರಿನ ಮೇಲೆ ದೃಷ್ಟಿ ನಿಲ್ಲಿಸಿತು. ಕಾರಣ ನನಗೆ ಆಗ ಹೊಳೆಯಿತು. ಕೋತಿಗಳು ಬಿಡಿಸಿದ ವಿನೈಲಿನ ಒಂದು ಉದ್ದನೆಯ ಪಟ್ಟಿ ಮಾವನವರ ಕಿಟಕಿಯ ಹೊರಗೆ ಜೋತಾಡುತ್ತ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆಕ್ಕಿನ ಮುಂದೆ ದಾರ ಆಡಿಸಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಅದು ಬಂತು. ಓಡಲಿಲ್ಲ, ನಡೆದೇ ಬಂತು. ಮುಂದಿನ ಕಾರು ಕದಲಲಿಲ್ಲ, ಹಿಂದಿನದು ಹಾರ್ನ್ ಹೊಡೆಯಿತು. ಅತ್ತೆಯವರು ಎರಡೂ ಕಣ್ಣು ಮುಚ್ಚಿ ಆಂಜನೇಯನನ್ನು ಕರೆದರು, ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಅವನಿಂದ ಆದ ಅನುಭವವನ್ನು ಮರೆತು. ನನ್ನ ಹೆಂಡತಿ ಮಗಳನ್ನು ಸೀಟಿನ ಕೆಳಗೆ ತಳ್ಳಿ ತಾನು ಅವಳ ಮೇಲೆ ಬಿದ್ದಳು. ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಈ ಬರಹದ ಸತ್ಯಸಂಧತೆಗಾಗಿ ಹೇಳಿಬಿಡುತ್ತೇನೆ: ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಬ್ರೇಕಿನ ಪೆಡಲನ್ನು ಪರಿಶೀಲಿಸುತ್ತಿದ್ದೆ. ಅದು ಸುಸ್ಥಿತಿಯಲ್ಲಿತ್ತು.

ಕಾರು ಒಮ್ಮೆ ಒಂದು ಕಡೆಗೆ ವಾಲಿತು. ಮೇಲೆ ಏನೋ ಪರಪರ ಹರಿಯಿತು. ಆಮೇಲೆ ಗಾಜಿನ ಮೇಲೆ ಒದ್ದೆ ಉಸಿರು ಬಿದ್ದಂಥ ಶಬ್ದ. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತೋ ತಿಳಿಯದು.

ಕೊನೆಗೆ ಪಟ್ಟೆ ಬಳಿದ ಕಾವಲಿನ ಜೀಪೊಂದು ಹಾರ್ನ್ ಹೊಡೆಯುತ್ತ ಬಂತು. ನಾನು ತಲೆ ಎತ್ತಿದಾಗ ಹುಲಿ ಬಾಯಲ್ಲಿ ಒಂದು ಗಜ ಕಪ್ಪು ವಿನೈಲ್ ಕಚ್ಚಿಕೊಂಡು ಮರದ ಕಡೆಗೆ ಹೋಗುತ್ತಿತ್ತು. ಬೆನ್ನಷ್ಟೇ ಕಂಡಿತು. ಮಾವನವರು ಕಿಟಕಿಯ ಗಾಜಿಗೆ ಹಣೆ ಆನಿಸಿ ಹಾಗೇ ಕೂತಿದ್ದರು. ಗಾಜಿನ ಆ ಬದಿಯಲ್ಲಿ, ಅವರ ಮೂಗಿಗೆ ಸರಿಯಾಗಿ, ಒಂದು ಒದ್ದೆ ಗುರುತಿತ್ತು.

“ಅಪ್ಪ?” ಎಂದಳು ನನ್ನ ಹೆಂಡತಿ.

ಸಾಲು ಕದಲಿತು. ಹೊರಗೇಟಿನ ಹತ್ತಿರ ಬಂದಾಗ ಮಾವನವರು, “ನಿಲ್ಲಿಸಿ” ಎಂದರು. ಬಿಚ್ಚಿದ್ದ ಗುಂಡಿಗಳನ್ನೆಲ್ಲ ಮತ್ತೆ ಹಾಕಿಕೊಂಡರು. ಕಾರಿನಿಂದ ಇಳಿದು, ನನ್ನ ಭುಜ ಹಿಡಿದುಕೊಂಡು, ಗೇಟಿನ ಪಕ್ಕದ ಗುಡಿಸಲಿನಲ್ಲಿ ಕೂತಿದ್ದ ಕಾವಲುಗಾರರ ಮುಖ್ಯಸ್ಥನ ಮುಂದೆ ಹೋಗಿ ನಿಂತರು. ಐವತ್ತು ದಾಟಿದ, ಬಿಸಿಲಿಗೆ ಕೆಂಪಾದ ಮನುಷ್ಯ. ಅವನು ಮೊದಲು ನಮ್ಮ ಚಾವಣಿ ನೋಡಿದ. ಆಮೇಲೆ ನಮ್ಮನ್ನು ನೋಡಿದ. ವಾದಕ್ಕೆ ಸಿದ್ಧನಾದ.

“ಸರ್,” ಎಂದರು ಮಾವನವರು, ಮೈಸೂರು ಸರ್ಕಾರದ ಹಳೆಯ ಇಂಗ್ಲಿಷಿನಲ್ಲಿ. “ಐ ಬೆಗ್ ಟು ರಿಪೋರ್ಟ್. ನಿಮ್ಮ ಹುಲಿಯೊಂದಕ್ಕೆ ಎಡಗಣ್ಣಿನಲ್ಲಿ ತೊಂದರೆಯಿದೆ.”

“ಯಾವ ಹುಲಿ?”

“ಹೆಣ್ಣು. ಎಂಟು ಒಂಬತ್ತು ವರ್ಷದ್ದು. ಬಲಗಿವಿಯ ತುದಿ ಸೀಳಿದೆ. ಎಡಗಣ್ಣಿನ ಒಳಮೂಲೆಯಲ್ಲಿ ನೀರು ಒಸರುತ್ತಿದೆ; ರೆಪ್ಪೆಯ ಕೆಳಗೆ ಅಕ್ಕಿಕಾಳಿನಷ್ಟು ಊತವಿದೆ. ಹಾಗೇ ಬಿಟ್ಟರೆ ಪೊರೆ ಬರಬಹುದು.”

ಅವನು ಮಾವನವರ ಬರಿಗಣ್ಣುಗಳನ್ನು ನೋಡಿದ. ಅವು ಅವನ ಕಿವಿಗಿಂತ ಸ್ವಲ್ಪ ಆಚೆಗೆ ನೋಡುತ್ತಿದ್ದವು. ವಾದ ಮಾಡುವ ಮುಖ ಹೋಗಿ ಬೇರೆ ಮುಖ ಬಂತು. “ಅವಳಿಗೆ ಹತ್ತು ವರ್ಷ” ಎಂದ. “ಗುರುವಾರದಿಂದ ಡಾಕ್ಟರು ಔಷಧಿ ಹಾಕ್ತಿದ್ದಾರೆ. ನನ್ನ ಹುಡುಗರಿಗೇ ಆ ಊತ ಕಾಣಿಸೋದಕ್ಕೆ ಎರಡು ದಿನ ಹಿಡೀತು. ಕಾರಿನೊಳಗಿಂದ ಹೇಗೆ ಕಂಡಿತು ನಿಮಗೆ?”

“ಹತ್ತಿರ ಬಂದಿತ್ತು” ಎಂದರು ಮಾವನವರು.

ಅವನು ತನ್ನ ಕುರ್ಚಿ ಎಳೆದು ಅವರನ್ನು ಕೂರಿಸಿದ. ಅಲ್ಲಿಂದ ಇಪ್ಪತ್ತು ನಿಮಿಷ ಇಬ್ಬರೂ ಔಷಧಿ, ಆಹಾರ, ಉಪವಾಸದ ದಿನ, ಬೇಲಿಯ ಎತ್ತರ ಎಂದು ಮಾತಾಡಿಕೊಂಡರು. ಮಾವನವರು ಯಾವ ದೇಶದವರು, ಎಷ್ಟು ವರ್ಷ ಕಾಡಿನಲ್ಲಿದ್ದವರು ಎಂದು ಅವನಿಗೆ ತಿಳಿಯಿತು. ಕೈಕುಲುಕಿ ಬೀಳ್ಕೊಡುವಾಗ, ಬಹಳ ಗೌರವದಿಂದಲೇ, ಅವನು ಕೇಳಿದ. “ಮೂವತ್ತೊಂದು ವರ್ಷ! ಎಷ್ಟು ಹುಲಿ ನೋಡಿರಬಹುದು ಸರ್ ನೀವು?”

ನಾನು ನನ್ನ ಬೂಟು ನೋಡಿದೆ. ಹತ್ತು ಎಂದರೂ ನಂಬುತ್ತಿದ್ದ. ನೂರು ಎಂದರೂ ನಂಬುತ್ತಿದ್ದ. ಆ ಗುಡಿಸಲಿನಲ್ಲಿ ಮೈಸೂರಿನವರು ಯಾರೂ ಇರಲಿಲ್ಲ.

“ವನ್” ಎಂದರು ಮಾವನವರು.

ಅವನು ನಕ್ಕ, ತಮಾಷೆ ಎಂದುಕೊಂಡನೋ, ವಿನಯ ಎಂದುಕೊಂಡನೋ. ಆದರೆ ಕಾರಿನ ಕಿಟಕಿ ಇಳಿದಿತ್ತು. ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು.

“ನಂದು ಎರಡು ಅಂತ ಹೇಳ್ರಿ ಅವರಿಗೆ!”

ಮಾವನವರು ದನಿ ಬಂದ ಕಡೆಗೆ ತಿರುಗಿದರು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನಾನು ಹಲ್ಲು ಕಂಡೆ. “ನೀನು ಇವತ್ತು ಕಣ್ಣು ಮುಚ್ಕೊಂಡಿದ್ದೆ. ರಾಮದೂತ, ರಾಮದೂತ ಅಂತ ನನ್ನ ಕಿವಿ ಹಿಂದೇನೇ ಕೂಗ್ತಾ ಇದ್ದೆ. ಅದು ಲೆಕ್ಕಕ್ಕಿಲ್ಲ.”

“ಒಂದು ಸಲ ತೆಗೆದಿದ್ದೆ!”

“ಹಾಗಾದ್ರೆ ಹೇಳು. ಯಾವ ಕಿವಿ ಸೀಳಿದೆ?” ಎನ್ನುತ್ತ ನನ್ನ ಭುಜ ಹಿಡಿದು ಕಾರಿನ ಹತ್ತಿರ ಬಂದರು.

ಅತ್ತೆಯವರು ಉಳಿದ ಒಂದು ಬಾಳೆಹಣ್ಣನ್ನು ಸುಲಿದು, ಕಿಟಕಿಯಿಂದ ಕೈ ಚಾಚಿ, ಅವರ ಕೈಗೆ ಇಟ್ಟರು. “ತಿನ್ನಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದರು.